ಕವರಿನ ಮೇಲಿನ ಸಹಿ

ಸಿನಿಮಾದಲ್ಲಿ ತಲೆಗೆ ಆಪರೇಷನ್ ಆದವರು ಎಚ್ಚರಗೊಳ್ಳುವುದನ್ನು ನೀವೆಲ್ಲ ನೋಡಿರುತ್ತೀರಿ. ಮೊದಲು ಕಿರುಬೆರಳು ಅಲುಗುತ್ತದೆ. ಆಮೇಲೆ ರೆಪ್ಪೆ. ಆಮೇಲೆ ಕಣ್ಣು ಬಿಟ್ಟು, ನಾನೆಲ್ಲಿದ್ದೀನಿ ಎಂದು ಕೇಳಿ, ಹೆಂಡತಿಯ ಮುಖ ನೋಡಿ ನಗುತ್ತಾರೆ. ಪಕ್ಕದಲ್ಲಿದ್ದ ನರ್ಸು ಡಾಕ್ಟರನ್ನು ಕರೆಯಲು ಓಡುತ್ತಾಳೆ. ಮೂವತ್ತೊಂದು ವರ್ಷ ಆ ನರ್ಸಿನ ಜಾಗದಲ್ಲಿ ನಿಂತಿದ್ದವಳು ನಾನು. ಒಂದು ಸಲವೂ ಹಾಗೆ ಓಡಿಲ್ಲ.

ಎಚ್ಚರ ಬರುವುದು ನಮ್ಮ ಹನುಮಂತನಗರದ ನಲ್ಲಿಯಲ್ಲಿ ನೀರು ಬಂದ ಹಾಗೆ. ಮೊದಲು ಬರೀ ಗಾಳಿ ಬುಸುಗುಡುತ್ತದೆ. ಒಂದು ಲೋಟದಷ್ಟು ಕೆಂಪು ನೀರು ಬಿದ್ದು ನಿಂತುಹೋಗುತ್ತದೆ. ಇವತ್ತು ಬರಲ್ಲ ಬಿಡು ಎಂದು ಬಿಂದಿಗೆ ಎತ್ತಿಕೊಂಡು ಒಳಗೆ ಹೋಗಿ ಕೂತರೆ ಆಗ ಸುರಿಯುತ್ತದೆ. ಹಾಗಾಗಿ ನಲ್ಲಿಯ ಹತ್ತಿರ ನಿಂತಿರುವುದೇ ಕೆಲಸ. ನಮ್ಮ ಐಸಿಯುವಿನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ನಾನು ನಿವೃತ್ತಳಾಗಿ ಎರಡು ವರ್ಷವಾಯಿತು. ಯಾವಾಗ ಸ್ಟಾಫ್ ನರ್ಸ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎನ್ನುವ ಕಾಗದಗಳೆಲ್ಲ ಬೀರುವಿನಲ್ಲಿವೆ, ಅಲ್ಲೇ ಇರಲಿ. ಹೋದ ತಿಂಗಳು ಜೆ.ಪಿ. ನಗರದ ನಮ್ಮ ಹಳೆಯ ಆಸ್ಪತ್ರೆಯವರು, ಹೊಸದಾಗಿ ಸೇರಿದ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಹೋಗಿ ಮುಕ್ಕಾಲು ಗಂಟೆ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸ್ಸು ಹತ್ತಿ ಕೂತಮೇಲೆ, ಹೇಳಲೇಬೇಕಾದ ಒಂದನ್ನು ಮಾತ್ರ ಮತ್ತೆ ನುಂಗಿಕೊಂಡು ಬಂದೆನಲ್ಲ ಅನ್ನಿಸಿ ನನ್ನ ಮೇಲೇ ಸಿಟ್ಟು ಬಂತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಕೆಲಸ ಕಲಿತದ್ದು ಏಲಿಯಮ್ಮ ಸಿಸ್ಟರ್ ಕೈಕೆಳಗೆ. ಕೇರಳದವರು, ಕುಳ್ಳಗೆ, ಹೆಜ್ಜೆ ಸಪ್ಪಳವಿಲ್ಲದೆ ಬೆನ್ನಹಿಂದೆ ಬಂದು ನಿಲ್ಲುತ್ತಿದ್ದರು. ಮೆದುಳಿನ ಒಳಗೆ ರಕ್ತನಾಳ ಒಡೆದು ಬಂದವರನ್ನು ಆಗ ನೋಡಿಕೊಳ್ಳುತ್ತಿದ್ದ ರೀತಿಯೇ ಬೇರೆ. ತಲೆಬುರುಡೆ ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಹೊರಹಾಕಿ, ಹೊಲಿದು ನಮ್ಮ ಕೈಗೆ ಕೊಡುತ್ತಿದ್ದರು. ನಾವು ಗಂಟೆಗೊಮ್ಮೆ ಟಾರ್ಚ್ ಬಿಟ್ಟು ಕಣ್ಣುಪಾಪೆ ನೋಡಬೇಕು, ಹೆಸರು ಹಿಡಿದು ಕೂಗಬೇಕು, ಓಗೊಡದಿದ್ದರೆ ಎದೆಮೂಳೆಯ ಮೇಲೆ ಬೆರಳಿನ ಗೆಣ್ಣಿನಿಂದ ಉಜ್ಜಬೇಕು. ಆಮೇಲೆ ಕಣ್ಣಿಗೆ ಇಷ್ಟು, ಮಾತಿಗೆ ಇಷ್ಟು, ಕೈಕಾಲಿಗೆ ಇಷ್ಟು ಎಂದು ಅಂಕ ಹಾಕಬೇಕು. ಏಲಿಯಮ್ಮ ಸಿಸ್ಟರ್ ನನ್ನ ಪಟ್ಟಿಯನ್ನು ನೋಡುತ್ತಲೇ ಇರಲಿಲ್ಲ. ಪಟ್ಟಿ ಆಮೇಲೆ, ಮೊದಲು ರೋಗಿಯ ಬಗ್ಗೆ ಒಂದು ವಾಕ್ಯ ಹೇಳು ಅನ್ನುತ್ತಿದ್ದರು.

ಜಯನಗರದ ಒಬ್ಬ ಮೇಷ್ಟರು ನನಗೆ ಚೆನ್ನಾಗಿ ನೆನಪಿದ್ದಾರೆ. ಮನೆಯವರ ಪ್ರಕಾರ ಜೀವಮಾನದಲ್ಲಿ ಯಾರಿಗೂ ಏಕವಚನ ಬಳಸಿದವರಲ್ಲ. ಬಾಯಿಂದ ನಳಿಕೆ ತೆಗೆದ ದಿನ ಅವರು ಆಡಿದ ಮೊದಲ ಮಾತು ನನ್ನ ತಾಯಿಯನ್ನು ಕುರಿತದ್ದು. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಅವರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು. ಏಲಿಯಮ್ಮ ಸಿಸ್ಟರ್ ಅವರ ಹೆಗಲು ಹಿಡಿದು, "ಅಳಬೇಡಿ ಅಮ್ಮಾ, ಬೈದ್ರೆ ಒಳ್ಳೇದು, ಬಾಯಿ ಬಂತಲ್ಲ" ಅಂದರು. ಮೇಷ್ಟರು ಹತ್ತು ದಿನ ಬೈದು ಹನ್ನೊಂದನೆಯ ದಿನ 'ದಯವಿಟ್ಟು ನೀರು ಕೊಡಿ' ಎಂದು ಕೇಳಿದರು. ಆ ಬೈಗುಳವೇ ಚೆನ್ನಾಗಿತ್ತು ಎಂದು ನಾವು ವಾರಗಟ್ಟಲೆ ನಕ್ಕೆವು.

ವಸಂತಪುರದ ಕಡೆಯ ಆಟೋ ಡ್ರೈವರ್ ಒಬ್ಬರದು ಇನ್ನೊಂದು ಕಥೆ. ಅವರು ಕಣ್ಣು ಬಿಡುವ ಎರಡು ದಿನ ಮೊದಲಿನಿಂದಲೂ ಎಡಗೈ ಮಂಚದ ಕಂಬಿ ಹಿಡಿದು ತಿರುಗಿಸುವುದು, ಬಿಡುವುದು ಮಾಡುತ್ತಿತ್ತು. ನಾನು 'ಚಡಪಡಿಕೆ' ಎಂದು ಬರೆದೆ. ನೋಡಲು ಬಂದ ಅವರ ಹೆಂಡತಿ ಒಂದೇ ನೋಟಕ್ಕೆ, ಗೇರ್ ಹಾಕ್ತಾ ಇದಾರೆ ಸಿಸ್ಟರ್ ಎಂದರು. ಏಲಿಯಮ್ಮ ಸಿಸ್ಟರ್ ನಾನು ಬರೆದ ಪದವನ್ನು ಹೊಡೆದುಹಾಕಿಸಿದರು. ಅವತ್ತು ಅವರು ಹೇಳಿದ್ದು ಇಷ್ಟೇ: ಕೈ ಸುಮ್ಮನೆ ಆಡುವುದಿಲ್ಲ, ಏನೋ ಹುಡುಕುತ್ತಿರುತ್ತದೆ, ಏನು ಹುಡುಕುತ್ತಿದೆ ಎಂದು ಮನೆಯವರನ್ನು ಕೇಳು.

ಈ ಪಾಠವನ್ನು ಕಲಿತಿದ್ದೆ ಎನ್ನುವುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗುತ್ತಿರಲಿಲ್ಲ.

ನಂಜುಂಡಯ್ಯ ಎನ್ನುವ ರೋಗಿ ನಮ್ಮಲ್ಲಿಗೆ ಬಂದ ಹೊತ್ತಿಗೆ ಏಲಿಯಮ್ಮ ಸಿಸ್ಟರ್ ಊರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಜಾಗದಲ್ಲಿ ನಾನಿದ್ದೆ. ಕಾಗದದ ಪಟ್ಟಿ ಹೋಗಿ ಪ್ರತಿ ಮಂಚಕ್ಕೂ ಕಂಪ್ಯೂಟರ್ ಪರದೆ ಬಂದಿತ್ತು. ಅಂಕ ಹಾಕಿದರೆ ಗೆರೆ ತಾನೇ ಮೂಡುತ್ತದೆ, ಕಡಿಮೆಯಾದರೆ ಕೆಂಪಾಗುತ್ತದೆ. ಬಹಳ ಅನುಕೂಲ, ಹಳೆಯದೇ ಚೆನ್ನ ಎಂದು ಹೇಳುವವಳಲ್ಲ ನಾನು. ಆದರೆ ಪರದೆಯ ಮೇಲೆ ಒಮ್ಮೆ ಹತ್ತಿದ ಅಂಕಿಯನ್ನು ಆಮೇಲೆ ಯಾರೂ ಅನುಮಾನಿಸುವುದಿಲ್ಲ. ಮುಂದಿನ ಪಾಳಿಯವರು ರೋಗಿಯ ಮುಖಕ್ಕಿಂತ ಮೊದಲು ಆ ಅಂಕಿಯನ್ನೇ ನೋಡುತ್ತಾರೆ.

ನಂಜುಂಡಯ್ಯನವರು ಕತ್ರಿಗುಪ್ಪೆಯವರು, ಅರವತ್ತರ ಆಸುಪಾಸು. ಚಾಮರಾಜಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ಮೇಲೆ ದುಡಿದವರು. ಬೆಳಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಬಿದ್ದಿದ್ದರು. ಬಿ.ಪಿ. ಏರಿ ಮೆದುಳಿನ ಬಲಭಾಗದಲ್ಲಿ ರಕ್ತಸ್ರಾವ. ಕರೆತಂದವರು ಹೆಂಡತಿ ಗಿರಿಜಮ್ಮ ಮತ್ತು ಗಿರಿಜಮ್ಮನ ತಮ್ಮ ಶಿವಣ್ಣ. ನಂಜುಂಡಯ್ಯನವರಿಗೆ ಆಗಲೇ ಅರೆಮಂಪರು. ಕೂಡಲೇ ಆಪರೇಷನ್ ಎಂದು ತೀರ್ಮಾನವಾಯಿತು.

ಥಿಯೇಟರಿಗೆ ಕಳಿಸುವ ಮೊದಲು ರೋಗಿಯ ಮೈಮೇಲಿನದನ್ನೆಲ್ಲ ತೆಗೆದು ಮನೆಯವರ ಕೈಗೆ ಕೊಡುವುದು ನಮ್ಮ ಪದ್ಧತಿ. ಒಂದು ಪ್ಲಾಸ್ಟಿಕ್ ಕವರ್, ಅದರ ಮೇಲೆ ಒಂದು ಚೀಟಿ, ಚೀಟಿಯಲ್ಲಿ ಸಾಮಾನುಗಳ ಹೆಸರು, ಕೆಳಗೆ ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ಮನೆಯವರಿಗೆ ಓದಲು ಬರಲಿ ಎಂದು ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಅವತ್ತು ಉಳಿದವರು ಬೇರೆ ಮಂಚಗಳಲ್ಲಿ ಮುಳುಗಿದ್ದರು, ಹಾಗಾಗಿ ನಾನೇ ತೆಗೆದೆ. ಗಿರಿಜಮ್ಮ ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇದರಲ್ಲಿ ಒಂದು ಸಾಮಾನನ್ನು ಎಚ್ಚರವಾದ ಮೇಲೆ ಅವರಿಗೆ ಕೊಡಬಹುದಾ ಎಂದು ಕೇಳಿದ್ದರು. ಟ್ರಾಲಿ ಬಾಗಿಲಲ್ಲಿತ್ತು. ನಾನು ಏನು ಸಾಮಾನು ಎಂದು ಕೇಳಲಿಲ್ಲ. "ಐಸಿಯು ಒಳಗೆ ಮಿಷನ್ನು, ಮೊಬೈಲು, ಏನೂ ತರೋ ಹಾಗಿಲ್ಲಮ್ಮ, ನಿಮ್ಮತ್ರಾನೇ ಇಟ್ಕೊಳ್ಳಿ" ಅಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೆಯ ದಿನ ನಿದ್ದೆಯ ಔಷಧಿ ನಿಲ್ಲಿಸಿದೆವು. ಬಾಯಲ್ಲಿ ಉಸಿರಾಟದ ನಳಿಕೆ, ತಲೆಗೆಲ್ಲ ಬ್ಯಾಂಡೇಜು. ಮುಖ ಊದಿ ಬಲಗಣ್ಣು ಮುಚ್ಚಿಹೋಗಿತ್ತು. ಎಡಗಣ್ಣು ಒಂದು ಗೆರೆಯಷ್ಟು ತೆರೆದಿತ್ತು, ಅದರ ತುಂಬ ಮುಲಾಮು. ಎಡಗೈ ಎಡಗಾಲು ಅಲುಗುತ್ತಿರಲಿಲ್ಲ, ಅದು ನಿರೀಕ್ಷಿಸಿದ್ದೇ. ನಂಜುಂಡಯ್ಯನವರೇ ಕಣ್ಣು ಬಿಡಿ, ಕೈ ಎತ್ತಿ, ಬೆರಳು ತೋರಿಸಿ ಎಂದು ಪಾಳಿಗೊಬ್ಬರು ಕೂಗಿದೆವು. ಚಿವುಟಿದರೆ ಬಲಗೈ ಬಂದು ನಮ್ಮ ಕೈಯನ್ನು ತಳ್ಳುತ್ತಿತ್ತು. ಕೂಗಿದರೆ ಏನೂ ಇಲ್ಲ. 'ಹೇಳಿದ್ದನ್ನು ಮಾಡುತ್ತಿಲ್ಲ' ಎಂದು ಪರದೆಯ ಮೇಲೆ ಹತ್ತಿಸಿದೆವು.

ಅದೇ ದಿನ ಮಧ್ಯಾಹ್ನ ಅವರ ಬಲಗೈ ಮೆಲ್ಲಗೆ ಮೇಲೆದ್ದು ಮುಖದ ಮೇಲೆ ಅಡ್ಡ ಬಂತು. ನೇರ ನಳಿಕೆಯ ಹತ್ತಿರ. ನಳಿಕೆ ಕಿತ್ತುಕೊಂಡರೆ ಪ್ರಾಣಕ್ಕೇ ಅಪಾಯ, ಅಂಥದ್ದನ್ನು ನಾನು ಕಣ್ಣಾರೆ ಕಂಡವಳು. ಬಟ್ಟೆಯ ಪಟ್ಟಿ ತಂದು ಆ ಕೈಯನ್ನು ಮಂಚದ ಕಂಬಿಗೆ ಕಟ್ಟಿಸಿದೆ. ಕೈ ಪಟ್ಟಿಯನ್ನು ಎಳೆಯುತ್ತಲೇ ಇತ್ತು. ಚಡಪಡಿಕೆ ಹೆಚ್ಚು ಎಂದು ಡ್ಯೂಟಿ ಡಾಕ್ಟರಿಗೆ ಹೇಳಿ ನಿದ್ದೆಯ ಔಷಧಿಯನ್ನು ಮತ್ತೆ ಸ್ವಲ್ಪ ಶುರುಮಾಡಿಸಿದೆವು. ಬೆಳಗ್ಗೆ ನಿಲ್ಲಿಸುವುದು, ಕೈ ಎಳೆಯುವುದು, ಮತ್ತೆ ಕೊಡುವುದು. ಹೀಗೆ ಮೂರು ದಿನ ನಡೆಯಿತು.

ನೋಡುವವರಿಗೆ ಬೆಳಗ್ಗೆ ಹನ್ನೊಂದಕ್ಕೆ ಐದು ನಿಮಿಷ. ಗೌನ್ ಹಾಕಿಕೊಂಡು ಮಂಚದಿಂದ ಒಂದು ಮಾರು ದೂರ ನಿಲ್ಲಬೇಕು, ಮುಟ್ಟಬಾರದು. ಆ ನಿಯಮ ಮಾಡಿದ್ದು ನಾನೇ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ನಾಲ್ಕನೆಯ ದಿನ ಗಿರಿಜಮ್ಮ ನನ್ನ ಕಣ್ಣು ತಪ್ಪಿಸಿ ಗಂಡನ ಬಲಗಾಲಿನ ಹೆಬ್ಬೆರಳನ್ನು ಎರಡು ಸಲ ಒತ್ತಿದರು. ಕಾಲು ಸರಕ್ಕನೆ ಮಡಿಚಿಕೊಂಡಿತು. ಮಾನಿಟರಿನಲ್ಲಿ ಎದೆಬಡಿತ ಏರಿ ಸದ್ದು ಮಾಡಿತು. ನಾನು ಓಡಿಬಂದು, ನೋಡಿ, ಮುಟ್ಟಿದ್ರೆ ಹೇಗೆ ಗಾಬರಿ ಆಗುತ್ತೆ, ದಯವಿಟ್ಟು ತೊಂದ್ರೆ ಕೊಡಬೇಡಿ ಎಂದು ಗದರಿಸಿದೆ. ಅವರು ಏನೋ ಹೇಳಲು ಬಾಯಿ ತೆರೆದರು. ಐದು ನಿಮಿಷ ಮುಗಿದಿತ್ತು.

ಐದನೆಯ ದಿನ ಸರ್ಜನ್ ಮನೆಯವರನ್ನು ಕರೆಸಿದರು. ಸ್ಕ್ಯಾನಿನಲ್ಲಿ ಹೊಸ ರಕ್ತಸ್ರಾವವಿಲ್ಲ, ಆದರೆ ಅರಿವು ಬರುತ್ತಿಲ್ಲ, ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಕತ್ತಿಗೆ ತೂತು ಮಾಡಿ ನಳಿಕೆ ಇಟ್ಟು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಶಿವಣ್ಣ, ಭಾವ ಹೀಗೆ ಕೊರಡಿನ ಹಾಗೆ ಬಿದ್ದಿರೋದನ್ನ ಒಪ್ಪೋ ಮನುಷ್ಯ ಅಲ್ಲ, ಮನೆಗೆ ಕರ್ಕೊಂಡು ಹೋಗ್ತೀವಿ ಅಂದರು. ಮನೆಗೆ ಎಂದರೆ ಏನರ್ಥ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಉಸಿರಾಟದ ಯಂತ್ರ ಬಿಟ್ಟರೆ ಅವತ್ತೋ ಮರುದಿನವೋ. ಸರ್ಜನ್ ಬೇಡ ಎಂದು ಎರಡು ಸಲ ಹೇಳಿದರು. ಕೊನೆಗೆ, ನಿರ್ಧಾರ ಅವರ ಹೆಂಡತಿಯದು ಎಂದು ಎದ್ದರು.

ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುವ ಕಾಗದಕ್ಕೆ ಗಿರಿಜಮ್ಮನ ಸಹಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಐಸಿಯು ಪಕ್ಕದ ಸಣ್ಣ ರೂಮು. ನಾನು, ಗಿರಿಜಮ್ಮ, ಶಿವಣ್ಣ. ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಕೊಟ್ಟೆ. ಅಕ್ಷರ ಕಾಣುತ್ತಿಲ್ಲವೆಂದು ಅವರು ಕನ್ನಡಕಕ್ಕಾಗಿ ಬ್ಯಾಗಿಗೆ ಕೈ ಹಾಕಿದರು. ತಮ್ಮ ಕನ್ನಡಕದ ಜೊತೆ ಒಂದು ಕವರೂ ಹೊರಗೆ ಬಂದು ಮೇಜಿನ ಮೇಲೆ ಬಿತ್ತು.

ಕವರಿನ ಮೇಲೆ ನನ್ನ ಅಕ್ಷರ. ಬೆಳ್ಳಿ ಉಡುದಾರ ಒಂದು. ಕನ್ನಡಕ ಒಂದು. ಕಿವಿ ಮಿಷನ್ ಒಂದು. ಕೆಳಗೆ ನನ್ನ ಸಹಿ.

ಮೊದಲ ದಿನ ನಾನೇ ತೆಗೆದು, ನಾನೇ ಬರೆದು, ಟ್ರಾಲಿಯ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಅವರಿಗೆ ಕಿವಿ ಕೇಳಿಸುವುದಿಲ್ಲವೇ ಎಂದು ಕೇಳಿದೆ.

"ಮಿಷನ್ ಇಲ್ದಿದ್ರೆ ಏನೂ ಕೇಳ್ಸಲ್ಲ ಸಿಸ್ಟರ್. ಪ್ರೆಸ್ಸಿನ ಸದ್ದಿಗೆ ಹೋಯ್ತು. ತುಟಿ ನೋಡಿ ತಿಳ್ಕೋತಾರೆ. ಬೆಳಿಗ್ಗೆ ಎಬ್ಬಿಸ್ಬೇಕಾದ್ರೆ ನಾನು ಕಾಲಿನ ಹೆಬ್ಬೆರಳು ಒತ್ತೋದು." ಕವರಿನ ಮೇಲೆ ಬೆರಳಿಟ್ಟು ಹೇಳಿದರು: "ನೀವೇ ತೆಗೆದು ಕೊಟ್ರಲ್ಲ, ನಿಮಗೆ ಗೊತ್ತಿದೆ ಅನ್ಕೊಂಡೆ. ನೀವು ಮಿಷನ್ ಒಳಗೆ ತರ್ಬೇಡಿ ಅಂದ್ರಲ್ಲ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾಲ್ಕು ದಿನ ನಾವು ಕಿವುಡರೊಬ್ಬರ ಕಿವಿಯಲ್ಲಿ ಕೂಗಿ, ಅವರಿಗೆ ಅರಿವಿಲ್ಲ ಎಂದು ಅಂಕ ಹಾಕಿದ್ದೆವು. ಆ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಕವರನ್ನೂ ಗಿರಿಜಮ್ಮನನ್ನೂ ಕರೆದುಕೊಂಡು ಒಳಗೆ ಹೋದೆ. ಬ್ಯಾಂಡೇಜನ್ನು ಎಡಗಿವಿಯಿಂದ ಸ್ವಲ್ಪ ಮೇಲಕ್ಕೆ ಸರಿಸಿದೆ. ಮಿಷನ್ ಸದ್ದು ಮಾಡಲಿಲ್ಲ. ಆರಿಸದೆ ಕವರಿಗೆ ಹಾಕಿದ್ದರಿಂದ ಬ್ಯಾಟರಿ ಸತ್ತುಹೋಗಿತ್ತು. ಶಿವಣ್ಣ ಬ್ಯಾಟರಿ ತರಲು ಆಟೋ ಹಿಡಿದು ಜಯನಗರ ಫೋರ್ತ್ ಬ್ಲಾಕಿಗೆ ಓಡಿದರು.

ಅವರು ಬರುವ ತನಕ ಸುಮ್ಮನೆ ನಿಲ್ಲಲು ನನ್ನಿಂದ ಆಗಲಿಲ್ಲ. ನಳಿಕೆಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಪಟ್ಟಿ ಬಿಚ್ಚಿದೆ. ಮಣಿಕಟ್ಟಿನಲ್ಲಿ ಕೆಂಪಗೆ ಬರೆ ಬಿದ್ದಿತ್ತು. ನಂಜುಂಡಯ್ಯನವರ ಬಲಗೈ ಮೆಲ್ಲಗೆ ಮೇಲೆ ಬಂತು. ಬಾಯಿಯ ಮೇಲೆ ಅಡ್ಡ ಬಂತು. ನಳಿಕೆಯನ್ನು ಮುಟ್ಟದೆ ದಾಟಿ ಎಡಗಿವಿಗೆ ಹೋಯಿತು. ಕಿವಿಯ ಹಿಂದೆ ಬೆರಳಾಡಿಸಿ, ಅಲ್ಲಿ ಏನೂ ಇಲ್ಲವೆಂದು ತಿಳಿದು, ಹಾಗೇ ನಿಂತಿತು. ಎಡಗೈ ಬಿದ್ದುಹೋದ ಮನುಷ್ಯ ಎಡಗಿವಿಯನ್ನು ಬಲಗೈಯಿಂದಲೇ ಹುಡುಕಬೇಕು. ಆ ದಾರಿಯಲ್ಲಿ ಬಾಯಿ ಸಿಗುತ್ತದೆ, ಅಷ್ಟೇ.

ಏಲಿಯಮ್ಮ ಸಿಸ್ಟರ್ ಬೆನ್ನಹಿಂದೆ ಬಂದು ನಿಂತ ಹಾಗಾಯಿತು. ನಾನು ಅಳುವವಳಲ್ಲ. ಅವತ್ತು ಮಾಸ್ಕಿನ ಒಳಗೆ ಅತ್ತೆ.

ಬ್ಯಾಟರಿ ಬಂತು. ಹಾಕಿದಾಗ ಮಿಷನ್ ಕೀ ಎಂದು ಕೂಗಿತು. ಕಿವಿಗೆ ಸಿಕ್ಕಿಸಿ ಗಿರಿಜಮ್ಮನಿಗೆ, ನೀವೇ ಮಾತಾಡಿ ಎಂದೆ. ಅವರು ಬಗ್ಗಿ, ದಿನಾ ಮಾತಾಡುವ ದನಿಯಲ್ಲೇ, "ರೀ, ನಾನು. ಮಿಷನ್ ಹಾಕಿದೀವಿ. ಕೇಳಿಸ್ತಾ? ಕೇಳಿಸಿದ್ರೆ ಕೈ ಎತ್ತಿ" ಅಂದರು.

ಕೈ ಎದ್ದಿತು. ಎದ್ದದ್ದು ಕೆಳಗಿಳಿಯಲಿಲ್ಲ. ಸರ್ಜನ್ ಬಂದು ಎರಡು ಬೆರಳು ತೋರಿಸಿ ಎಂದರು, ಎರಡು ತೋರಿಸಿತು. ಮುಷ್ಟಿ ಮಾಡಿ ಎಂದರು, ಮಾಡಿತು. ಎಡಗಣ್ಣಿನ ಗೆರೆಯಿಂದ ಮುಲಾಮಿನ ಜೊತೆ ನೀರು ಇಳಿಯುತ್ತಿತ್ತು.

ಸಂತೋಷದ ಕಥೆಯಾದರೆ ಇಲ್ಲಿಗೆ ಮುಗಿಸಬಹುದಿತ್ತು. ಹೋದ ತಿಂಗಳು ಹುಡುಗಿಯರ ಮುಂದೆ ಇಲ್ಲಿಗೇ ಮುಗಿಸಿದ್ದೆ. ಆದರೆ ಸರ್ಜನ್ ಆ ಮಿಷನ್ನನ್ನು ನೋಡಿ ನನ್ನ ಕಡೆ ತಿರುಗಿದರು.

"ಇದು ಇಷ್ಟು ದಿನ ಎಲ್ಲಿತ್ತು?"

"ಮನೆಯವರ ಹತ್ರ ಇತ್ತು ಸಾರ್" ಅಂದೆ.

ಸುಳ್ಳಲ್ಲ. ಒಂದು ಅಕ್ಷರವೂ ಸುಳ್ಳಲ್ಲ. ಶಿವಣ್ಣ ಅಕ್ಕನ ಕಡೆ ತಿರುಗಿ, "ಏನಕ್ಕಾ ನೀನು, ಬ್ಯಾಗಲ್ಲೇ ಇಟ್ಕೊಂಡು ಕೂತಿದ್ಯಾ? ಇವತ್ತು ಭಾವನ್ನ ನಾವೇ ಸಾಯಿಸಿಬಿಡ್ತಿದ್ವಲ್ಲ" ಅಂದರು. ಸರ್ಜನ್ ಕೂಡ, ಇಂಥದ್ದನ್ನೆಲ್ಲ ಮೊದಲೇ ಹೇಳಬೇಕಮ್ಮ ಎಂದು ನಿಧಾನವಾಗಿ ಬುದ್ಧಿ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಿರಿಜಮ್ಮ ನನ್ನನ್ನು ಒಮ್ಮೆ ನೋಡಿದರು. ಖಾಲಿ ಕವರನ್ನು ಚೀಟಿ ಒಳಗಾಗುವ ಹಾಗೆ ಮಡಿಚಿ ಮುಷ್ಟಿಯಲ್ಲಿ ಇಟ್ಟುಕೊಂಡರು. ತಪ್ಪಾಯ್ತು ಡಾಕ್ಟ್ರೇ ಎಂದು ತಲೆ ತಗ್ಗಿಸಿದರು. ನಾನು ಪರದೆಯ ಮುಂದೆ ಕೂತು 'ಕಿವಿ ಯಂತ್ರ ಅಳವಡಿಸಿದೆ, ಹೇಳಿದ್ದನ್ನು ಮಾಡುತ್ತಿದ್ದಾರೆ' ಎಂದು ಬರೆದೆ. ಯಾರು ತೆಗೆದದ್ದು, ಯಾರು ಒಳಗೆ ತರಬೇಡಿ ಅಂದದ್ದು, ಬರೆಯಲಿಲ್ಲ.

ಮೂರು ತಿಂಗಳ ನಂತರ ಅವರು ತೋರಿಸಿಕೊಳ್ಳಲು ಬಂದರು. ನಂಜುಂಡಯ್ಯ ಕೋಲು ಹಿಡಿದು ನಡೆಯುತ್ತಿದ್ದರು. ಆ ದಿನಗಳು ನೆನಪಿವೆಯೇ ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳದೆ ಇರಲಾಗಲಿಲ್ಲ.

ಅವರು ನನ್ನ ತುಟಿ ನೋಡಿ, ಯೋಚಿಸಿ, ಹೇಳಿದರು. "ಪೂರ್ತಿ ಇಲ್ಲ ಸಿಸ್ಟರ್. ಬಿಳೀದು ಏನೋ ಓಡಾಡ್ತಿತ್ತು. ಸದ್ದೇ ಇಲ್ಲ. ಸತ್ತಿದೀನಿ ಅನ್ಕೊಂಡೆ. ಆಮೇಲೆ ಒಂದಿನ ಯಾರೋ ಹೆಬ್ಬೆರಳು ಒತ್ತಿದ್ರು, ಎರಡು ಸಲ. ಓಹೋ, ಇವಳು ಇಲ್ಲೇ ಇದಾಳೆ, ಹಂಗಾದ್ರೆ ಸತ್ತಿಲ್ಲ ಅಂತ ಗೊತ್ತಾಯ್ತು. ಎದ್ದೆ ಅಂತ ಹೇಳೋಣ ಅಂದ್ರೆ ಕೈ ಕಟ್ಟಿತ್ತು."

ಅವರು ಡಾಕ್ಟರ ಕೋಣೆಗೆ ಹೋದರು. ಗಿರಿಜಮ್ಮ ಹಿಂದೆ ಉಳಿದು ಬ್ಯಾಗಿನಿಂದ ಆ ಕವರನ್ನು ತೆಗೆದರು. ಇಸ್ತ್ರಿ ಹಾಕಿದ ಹಾಗೆ ಮಟ್ಟಸವಾಗಿತ್ತು.

"ಇದು ನಿಮ್ದು ಸಿಸ್ಟರ್. ನಾನು ಯಾರಿಗೂ ತೋರಿಸ್ಲಿಲ್ಲ. ಕೊನೆಗೆ ಅವರನ್ನ ಉಳಿಸಿದ್ದೂ ನೀವೇ ಅಲ್ವಾ. ನನ್ನ ತಮ್ಮ ಇವತ್ತಿಗೂ ನಂದೇ ತಪ್ಪು ಅಂತಾನೆ, ಹಬ್ಬಕ್ಕೆ ಬಂದ್ರೂ ಅದೇ ಮಾತು. ಅನ್ಕೊಳ್ಲಿ ಬಿಡಿ. ನೀವು ಮಾತ್ರ ಇದನ್ನ ಬಿಸಾಡಬೇಡಿ."

ಬಿಸಾಡಲಿಲ್ಲ. ಮುಟ್ಟಬಾರದು ಎನ್ನುವ ನಿಯಮವನ್ನು ಮರುದಿನವೇ ತೆಗೆದೆ. ಕೈ ತೊಳೆದು ಬನ್ನಿ, ಮುಟ್ಟಿ, ಮನೆಯಲ್ಲಿ ಹೇಗೆ ಎಬ್ಬಿಸುತ್ತಿದ್ದಿರೋ ಹಾಗೇ ಎಬ್ಬಿಸಿ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಕಿವಿಯ ಮಿಷನ್ನು, ಕನ್ನಡಕ, ಹಲ್ಲಿನ ಸೆಟ್ಟು ಥಿಯೇಟರಿನಿಂದ ಬಂದ ಮೇಲೆ ಮಂಚದ ಪಕ್ಕದ ಡಬ್ಬಿಯಲ್ಲೇ ಇರಬೇಕು ಎಂದು ಬರೆಸಿದೆ. ಹೊಸದಾಗಿ ಸೇರಿದ ಪ್ರತಿ ಹುಡುಗಿಗೂ ಮೊದಲ ದಿನ ಆ ಕವರನ್ನು ತೋರಿಸಿ ಈ ಕಥೆ ಹೇಳುತ್ತಿದ್ದೆ. ಕಣ್ಣು ಬಿಡದಿದ್ದರೆ ರೋಗಿಯನ್ನು ಅನುಮಾನಿಸುವ ಮೊದಲು ನಿಮ್ಮನ್ನು ಅನುಮಾನಿಸಿಕೊಳ್ಳಿ ಎನ್ನುತ್ತಿದ್ದೆ. ಆದರೆ ಚೀಟಿ ತೋರಿಸುವಾಗ ನನ್ನ ಹೆಬ್ಬೆರಳು ಸಹಿಯ ಮೇಲೇ ಇರುತ್ತಿತ್ತು. 'ಒಬ್ಬ ಸಿಸ್ಟರ್ ಹೀಗೆ ಮಾಡಿದ್ದರು' ಎನ್ನುತ್ತಿದ್ದೆ. ಹೋದ ತಿಂಗಳೂ ಹಾಗೇ ಅಂದೆ.

ಅಂಥ ತಪ್ಪನ್ನು ನೀವೂ ಮಾಡುತ್ತೀರಿ, ಮಾಡದೆ ಈ ಕೆಲಸದಲ್ಲಿ ಹಳಬರಾದವರನ್ನು ನಾನು ಕಂಡಿಲ್ಲ. ಮಾಡಿದ ದಿನ ಅದನ್ನು ನಿಮ್ಮ ಹೆಸರಿನಲ್ಲೇ ಬರೆಯಿರಿ. ಅವತ್ತು ಒಂದು ಸಾಲು ಸಾಕು. ಬಿಟ್ಟರೆ ನನ್ನ ಹಾಗೆ ಇಷ್ಟುದ್ದ ಬರೆಯಬೇಕಾಗುತ್ತದೆ.

ಇದು ಅಚ್ಚಾದರೆ ಕತ್ರಿಗುಪ್ಪೆಗೆ ಒಂದು ಪ್ರತಿಯನ್ನೂ ಆ ಕವರನ್ನೂ ತೆಗೆದುಕೊಂಡು ಹೋಗುತ್ತೇನೆ. ಶಿವಣ್ಣನವರೇ, ನಿಮ್ಮ ಅಕ್ಕ ಆ ಮಿಷನ್ನನ್ನು ಒಳಗೆ ತರಲೇ ಎಂದು ಮೊದಲ ದಿನವೇ ಕೇಳಿದ್ದರು. ಬೇಡ ಅಂದವಳು ನಾನು. ಕವರಿನ ಮೇಲೆ ವನಜಾಕ್ಷಿ ಎಂದಿದೆಯಲ್ಲ, ಆ ಸಹಿ ನನ್ನದು.